ಕಬ್ಬಿಣ ಪೂರ್ತಿ, ಮರ ಮುಕ್ಕಾಲು

ನಾವು ಮರಗೆಲಸದ ಹವ್ಯಾಸಿಗಳು ಕೈಯಾರೆ ಮಾಡಿದ ಉಪಕರಣಗಳನ್ನು ಒಬ್ಬರಿಗೊಬ್ಬರು ಉಡುಗೊರೆ ಕಳಿಸುತ್ತೇವೆ. ಹಾಗೆ ಒಬ್ಬರಿಂದ ನನಗೆ ಒಂದು ಉಳಿ ಬಂತು. ಹಿಡಿಯೇ ಇರಲಿಲ್ಲ. ಕಾಗದ ಬಿಚ್ಚಿದರೆ ಬರೀ ಕಬ್ಬಿಣ, ಜೊತೆಗೆ ಗೇಣುದ್ದದ ಒಂದು ಮರದ ತುಂಡು. ಚೀಟಿಯಲ್ಲಿ ಎರಡೇ ಸಾಲು: "ಹಿಡಿ ನೀವೇ ಮಾಡಿಕೊಳ್ಳಿ. ನಿಮ್ಮ ಕೈ ನಾನು ನೋಡಿಲ್ಲ." ನಿಜ ಹೇಳಬೇಕು ಅಂದರೆ ಬೇಜಾರಾಯಿತು. ನಾನು ಎರಡು ತಿಂಗಳು ಕೂತು, ಉಜ್ಜಿ, ಎಣ್ಣೆ ಹಚ್ಚಿ, ಮುಖ ಕಾಣೋ ಹಾಗೆ ಹೊಳಪು ಕೊಟ್ಟು ಅವರಿಗೊಂದು ಕೀಸುಳಿ, ಅಂದರೆ ಮರ ಕೀಸಿ ನುಣುಪು ಮಾಡೋ ಉಪಕರಣ, ಕಳಿಸಿದ್ದೆ. ಇವರು ನೋಡಿದರೆ ಅರ್ಧ ಕೆಲಸ ನನ್ನ ತಲೆಗೇ ಕಟ್ಟಿದ್ದಾರಲ್ಲ ಅನಿಸಿತು.

ಈಗ ಆ ಉಳಿ ದಿನಾ ನನ್ನ ಬೆಂಚಿನ ಮೇಲಿರುತ್ತದೆ. ನನ್ನ ಕೀಸುಳಿ ಅವರ ಮನೆಯ ಗಾಜಿನ ಕಪಾಟಿನಲ್ಲಿದೆ, ಅದೂ ಒಂದು ಪಕ್ಕ ಸೀಳಿಕೊಂಡು. ಸೀಳಿದ ಕಥೆಗೆ ಆಮೇಲೆ ಬರುತ್ತೇನೆ.

ನಾನು ಮರ ಮುಟ್ಟಿದ್ದೇ ಕರ್ನಾಟಕ ಬಿಟ್ಟ ಮೇಲೆ. ಹಾಗಾಗಿ ಬಾಯಿಗೆ ಮೊದಲು ಹತ್ತಿದ್ದು ಚಿಸೆಲ್, ಪ್ಲೇನ್, ಮ್ಯಾಲೆಟ್. ಉಳಿ, ಕೀಸುಳಿ, ಕೊಡತಿ, ಬೈರಿಗೆ ಅನ್ನೋ ಹೆಸರುಗಳನ್ನೆಲ್ಲ ದೊಡ್ಡವರಿಗೆ ಫೋನ್ ಮಾಡಿ ಕೇಳಿ ಕೇಳಿ ವಾಪಸ್ ತಂದುಕೊಂಡೆ. (ಮರ ಕೆತ್ತೋ ಬಾಚಿ ಅಂದಾಗ ನನಗೆ ತಲೆ ಬಾಚೋದೇ ನೆನಪಾಗಿತ್ತು.) ಹಾಗೆ ಕೇಳುವಾಗ ಗೊತ್ತಾದ ಇನ್ನೊಂದು ವಿಷಯ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನಮ್ಮ ಹಳೇ ಬಡಗಿಗಳು ಕಮ್ಮಾರನಿಂದ ತರುತ್ತಿದ್ದದ್ದು ಬರೀ ಅಲಗು. ಉಳಿಯ ಹಿಡಿ, ಕೀಸುಳಿಯ ಮರದ ಮೈ, ಬೆಣೆ, ಇವೆಲ್ಲ ಅವರವರೇ ಮಾಡಿಕೊಳ್ಳುತ್ತಿದ್ದರು. ಅದರಲ್ಲೇನೂ ದೊಡ್ಡ ತತ್ವ ಇರಲಿಲ್ಲ. ದಿನಕ್ಕೆ ಎಂಟು ಗಂಟೆ ಹಿಡಿಯೋ ವಸ್ತು ಕೈಗೆ ಒಗ್ಗದಿದ್ದರೆ ಸಂಜೆಗೆ ಬೊಬ್ಬೆ ಏಳುತ್ತದೆ, ಅಷ್ಟೇ.

ನಾವು ಹವ್ಯಾಸಿಗಳು ಮಾಡೋದು ಬೇರೆ. ಹತ್ತಿಪ್ಪತ್ತು ಜನ ಸೇರಿ ಹೆಸರಿನ ಚೀಟಿ ಎತ್ತುತ್ತೇವೆ. ಯಾರಿಗೆ ಯಾರು ಅನ್ನೋದು ಗುಟ್ಟು. ಮೂರು ತಿಂಗಳು ಗಡುವು. ಆಮೇಲೆ ಪೆಟ್ಟಿಗೆಗಳು ಹೊರಡುತ್ತವೆ, ಎಲ್ಲರೂ ಫೋಟೋ ತೋರಿಸುತ್ತಾರೆ, ವಾಹ್ ವಾಹ್ ಅನ್ನುತ್ತಾರೆ. ಇದರಲ್ಲಿ ಖುಷಿ ಇದೆ, ಇಲ್ಲ ಅನ್ನೋದಿಲ್ಲ. ಆದರೆ ಫೋಟೋಗೆ ಚೆನ್ನಾಗಿ ಕಾಣೋದು ಒಂದು, ಕೈಗೆ ಚೆನ್ನಾಗಿ ಕೂರೋದು ಇನ್ನೊಂದು. ಹಿತ್ತಾಳೆ ತಿರುಪು, ಅಪರೂಪದ ಮರ, ಗಾಜಿನ ಹೊಳಪು, ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಾ ಹೋಗುತ್ತದೆ. ಹೋದ ಸಲ ನನಗೆ ಅಷ್ಟು ಒಳ್ಳೇದು ಬಂದಿತ್ತು, ಈ ಸಲ ನಾನು ಸಾಮಾನ್ಯದ್ದು ಕೊಟ್ಟರೆ ಏನಂದುಕೊಳ್ಳುತ್ತಾರೋ ಅಂತ ಒಳಗೊಳಗೇ ಮುಯ್ಯಿ ಲೆಕ್ಕ ಶುರುವಾಗುತ್ತದೆ. ಕೈ ಗರಗಸ ಬಿಟ್ಟರೆ ಏನೂ ಇಲ್ಲದ ಒಬ್ಬರು ಇದೇ ಕಾರಣಕ್ಕೆ ಸುಮ್ನೆ ಹಿಂದೆ ಸರಿದರು. ಅವರು ಮಾಡೋ ಬೆಣೆಗಳನ್ನು ನೋಡಿದ್ದೇನೆ, ನಮ್ಮಲ್ಲಿ ಯಾರ ಕೈಯಲ್ಲೂ ಅಷ್ಟು ಸಾಫಾಗಿ ಬರೋದಿಲ್ಲ.

ಇರಲಿ, ಸೀಳಿದ ಕೀಸುಳಿಗೆ ಬರೋಣ. ಅದು ಜೇಮ್ಸ್ ಕ್ರೆನೊವ್ ಮಾದರಿಯದು. ಕ್ರೆನೊವ್ (1920–2009) ಅಮೆರಿಕದಲ್ಲಿ ಪೀಠೋಪಕರಣ ಮಾಡುತ್ತಿದ್ದ, ಕಲಿಸುತ್ತಿದ್ದ ಮನುಷ್ಯ, ತನ್ನ ಮರದ ಕೀಸುಳಿಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ. ಹವ್ಯಾಸಿಗಳಿಗೆ ಈ ವಿಧಾನ ಇಷ್ಟ, ಯಾಕೆಂದರೆ ಗಟ್ಟಿ ಮರದೊಳಗೆ ಅಲಗು ಕೂರೋ ಬಾಯಿ ಕೊರೆಯೋ ಕಷ್ಟ ಇಲ್ಲ. ಒಂದು ದಿಮ್ಮಿಯ ಎರಡೂ ಪಕ್ಕದಿಂದ ತೆಳ್ಳಗೆ ಹಲಗೆ ಸೀಳಿ ತೆಗೆಯಬೇಕು, ನಡುವಿನ ತುಂಡನ್ನು ಅಲಗು ಒರಗೋದಕ್ಕೆ 45 ಡಿಗ್ರಿ ಓರೆಯಲ್ಲಿ ಕತ್ತರಿಸಬೇಕು, ಮಧ್ಯೆ ಜಾಗ ಬಿಟ್ಟು ಮತ್ತೆ ಎಲ್ಲ ಅಂಟಿಸಬೇಕು. ಅಡ್ಡಕ್ಕೊಂದು ಗೂಟ, ಅದಕ್ಕೆ ಒತ್ತಿ ಕೂರೋ ಬೆಣೆ. ನಾನು ಎಷ್ಟು ನಾಜೂಕು ಮಾಡಿದ್ದೆ ಅಂದರೆ ಅಲಗಿನ ಎರಡು ಪಕ್ಕದಲ್ಲೂ ಒಂದು ಕಾಗದ ತೂರೋಷ್ಟೇ ಜಾಗ. ನನಗೆ ಅದೇ ಹೆಮ್ಮೆ.

ಆ ಕೀಸುಳಿ ತೇವದ ಊರಿಂದ ಒಣ ಊರಿಗೆ ಹೋಯಿತು. ಮರ ತನ್ನ ಸುತ್ತಲಿನ ಗಾಳಿಗೆ ತಕ್ಕ ಹಾಗೆ ನೀರು ಕುಡಿಯುತ್ತದೆ, ಬಿಡುತ್ತದೆ. ಬಿಟ್ಟಾಗ ಉದ್ದಕ್ಕೆ ಹೆಚ್ಚುಕಮ್ಮಿ ಹಾಗೇ ಇದ್ದು ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ವರ್ಷದ ಉಂಗುರಗಳ ಗುಂಟ ಕುಗ್ಗೋದು ಉಂಗುರಗಳಿಗೆ ಅಡ್ಡ ಕುಗ್ಗೋದಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು. 45 ಮಿಲಿಮೀಟರ್ ಅಗಲದ ಬಾಯಿ ಚೆನ್ನಾಗಿ ಒಣಗಿದರೆ ಒಂದು ಮಿಲಿಮೀಟರ್ ತನಕ ಕಿರಿದಾಗಬಹುದು. ಒಳಗಿನ ಕಬ್ಬಿಣ ಕುಗ್ಗುತ್ತದಾ? ಇಲ್ಲ. ಅಲಗು ಸಿಕ್ಕಿಹಾಕಿಕೊಂಡಿತು, ಪಕ್ಕದ ಹಲಗೆ ಟಪ್ ಅಂತು. ಪಾಪ, ಆ ಮನುಷ್ಯ ಒಂದು ವರ್ಷ ನನಗೆ ಹೇಳಲೇ ಇಲ್ಲ. "ತುಂಬ ಚೆನ್ನಾಗಿದೆ, ಕಪಾಟಿನಲ್ಲಿಟ್ಟಿದ್ದೇನೆ" ಅಂದಾಗಲೇ ನನಗೆ ಅರ್ಥ ಆಗಬೇಕಿತ್ತು.

ಕಪಾಟು ಸೇರಿದ ಉಪಕರಣ ಸತ್ತ ಹಾಗೇ ಅಲ್ವಾ.

ಈಗ ಆ ಹಿಡಿಯಿಲ್ಲದ ಉಳಿಯ ವಿಷಯ. ಮರದ ತುಂಡನ್ನು ಎರಡು ವಾರ ನನ್ನ ಕೋಣೆಯಲ್ಲೇ ಬಿಟ್ಟೆ, ಇಲ್ಲಿನ ಗಾಳಿ ಅದಕ್ಕೆ ಒಗ್ಗಲಿ ಅಂತ. ಆಮೇಲೆ ಎಂಟು ಮೂಲೆ ಬರೋ ಹಾಗೆ ಕೆತ್ತಿ ಉಳಿಗೆ ಸಿಕ್ಕಿಸಿದೆ. ನನ್ನ ಕೈ ಚಿಕ್ಕದು, ಕೊಂಡ ಉಳಿಗಳೆಲ್ಲ ಕಿರುಬೆರಳಿನ ಕೆಳಗೆ ದಪ್ಪ ಆಗಿ ಒತ್ತುತ್ತವೆ. ಒರಟು ಅರದಲ್ಲಿ ಸ್ವಲ್ಪ ತೆಗೆದೆ, ಹಿಡಿದು ಕೆಲಸ ಮಾಡಿದೆ. ಹೆಬ್ಬೆರಳು ಕೂರೋ ಜಾಗ ಕಪ್ಪಗಾಯಿತು. ಕಪ್ಪಾದಲ್ಲೇ ಮತ್ತೆ ಕೂದಲೆಳೆಯಷ್ಟು ತೆಗೆದೆ. ಹೀಗೆ ಮೂರು ಸಲ. ನೋಡೋಕೆ ಅಂಥಾ ಚೆಂದ ಏನಿಲ್ಲ, ಒಂದು ಕಡೆ ಸೊಟ್ಟಗೇ ಇದೆ. ಆದರೆ ಕಣ್ಣು ಮುಚ್ಚಿ ತಗೊಂಡರೂ ಅಲಗಿನ ಮುಖ ಯಾವ ಕಡೆ ಅಂತ ಬೆರಳಿಗೆ ಗೊತ್ತಾಗುತ್ತದೆ.

ಜಪಾನಿನವರು ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಅವರ ಕೀಸುಳಿಗೆ ಕನ್ನ ಅಂತ ಹೆಸರು. ಕನ್ನಡದ ಕಿವಿಗೆ ಕಳ್ಳತನ ಕೇಳಿಸಿದರೆ ತಪ್ಪು ನಮ್ಮದಲ್ಲ. ಅಲಗು ಮಾಡೋ ಕಮ್ಮಾರ ಬೇರೆ, ಮರದ ಮೈ ಮಾಡೋನು ಬೇರೆ, ಅವೆರಡನ್ನೂ ಹೊಂದಿಸೋ ಕೊನೇ ಕೆಲಸ ಹಳೇ ಪದ್ಧತಿಯಲ್ಲಿ ಕೊಂಡವನದು. ಹೊಸ ಕನ್ನದಲ್ಲಿ ಅಲಗು ಪೂರ್ತಿ ಒಳಗೆ ಇಳಿಯೋದಿಲ್ಲ. ಅಲಗಿನ ಬೆನ್ನಿಗೆ ಪೆನ್ಸಿಲ್ ಉಜ್ಜಿ ಒಳಗೆ ತಟ್ಟಿ ತೆಗೆದರೆ, ಮರದಲ್ಲಿ ಎಲ್ಲಿ ಒತ್ತುತ್ತಿದೆಯೋ ಅಲ್ಲಿ ಕಪ್ಪು ಮೂಡುತ್ತದೆ. ಅಷ್ಟನ್ನೇ ಕೆರೆಯಬೇಕು, ಮತ್ತೆ ತಟ್ಟಬೇಕು. ಅವರ ಉಳಿಗಳ ತಲೆಗಿರೋ ಕಬ್ಬಿಣದ ಬಳೆಯೂ ಹೀಗೇ. ಅದನ್ನು ಬಿಚ್ಚಿ, ಹಿಡಿಯ ತುದಿಯನ್ನು ಸುತ್ತಿಗೆಯಲ್ಲಿ ಜಜ್ಜಿ, ಬಳೆಯನ್ನು ಕೆಳಗಿಳಿಸಿ, ಮೇಲೆ ಉಳಿದ ಮರವನ್ನು ಅಣಬೆ ಹಾಗೆ ಹರಡಿಸೋದು ಕೊಂಡವನ ಕೆಲಸವೇ. ಇದನ್ನೆಲ್ಲ ಓದಿದಾಗ ನನಗೆ ಕಮ್ಮಾರನಿಂದ ಬರೀ ಅಲಗು ತರುತ್ತಿದ್ದ ಬಡಗಿಗಳೇ ಕಣ್ಣ ಮುಂದೆ ಬಂದರು. ಎರಡೂ ಕಡೆ ಬುದ್ಧಿ ಒಂದೇ ಥರ ಓಡಿದೆ. ಪೆಟ್ಟಿಗೆ ತೆರೆದ ಕೂಡಲೇ ಎಲ್ಲ ಸಿದ್ಧ ಇರಬೇಕು ಅನ್ನೋ ಹಟ ಈಚಿನದು, ನಾವು ಹವ್ಯಾಸಿಗಳು ಅದನ್ನು ಅಂಗಡಿಯಿಂದ ಎತ್ತಿಕೊಂಡು ಉಡುಗೊರೆಗೂ ಅಂಟಿಸಿಬಿಟ್ಟಿದ್ದೇವೆ.

ಹಾಗಂತ ಎಲ್ಲವನ್ನೂ ಅರ್ಧ ಬಿಡೋ ಹಾಗಿಲ್ಲ. ಮೂಲೆಮಟ್ಟ ಕೊಟ್ಟರೆ ಅದು ಸರಿಯಾಗಿ 90 ಡಿಗ್ರಿ ಇರಲೇಬೇಕು. ಪರೀಕ್ಷೆ ಸುಲಭ. ನೇರ ಅಂಚಿಗೆ ಒತ್ತಿ ಒಂದು ಗೀಟು ಎಳೆಯಿರಿ, ಮಟ್ಟವನ್ನು ಮಗುಚಿ ಅದೇ ಜಾಗದಲ್ಲಿ ಇನ್ನೊಂದು ಎಳೆಯಿರಿ. ಎರಡೂ ಒಂದಾಗದೆ ಬಾಯಿ ಬಿಟ್ಟರೆ, ಕಾಣೋ ತಪ್ಪು ನಿಜವಾದ ತಪ್ಪಿನ ಎರಡರಷ್ಟು. ನನಗೆ ಬಂದಿದ್ದ ಒಂದು ಮಟ್ಟ, ಸುಂದರವಾದದ್ದು, ಹೀಗೆ ಬಾಯಿ ಬಿಟ್ಟಿತ್ತು. ಕಳಿಸಿದವರಿಗೆ ಹೇಳಲೋ ಬೇಡವೋ ಅಂತ ಒದ್ದಾಡಿ, ಕೊನೆಗೆ ನಾನೇ ಎರಡು ಸಲ ಕೀಸಿ ಸರಿ ಮಾಡಿಕೊಂಡೆ. ಈಗ ಇದನ್ನು ಓದಿದರೆ ಅವರಿಗೆ ಗೊತ್ತಾಗುತ್ತದೆ, ಕ್ಷಮಿಸಿ.

ಹೊಸಬರ ವಿಷಯವೂ ಬೇರೆ. ಇನ್ನೂ ಮಸೆಯೋಕೇ ಬಾರದವರಿಗೆ ಮೊಂಡು ಅಲಗು ಕಳಿಸಿ "ಕಲಿತುಕೊಳ್ಳಿ" ಅನ್ನೋದು ಉಡುಗೊರೆ ಅಲ್ಲ, ಶಿಕ್ಷೆ. ಅವರಿಗೆ ಕೂದಲು ಬೋಳಿಸೋ ಹಾಗೆ ಮಸೆದೇ ಕೊಡಬೇಕು. ಹರಿತ ಅಂದರೆ ಏನು ಅಂತ ಕೈಗೆ ಒಂದು ಸಲ ಗೊತ್ತಾಗಬೇಕಲ್ಲ. ಹಾಗಾಗಿ ನಾನು ಈಗ ಪಾಲಿಸೋದು ಇಷ್ಟು: ಕಬ್ಬಿಣ ಪೂರ್ತಿ, ಮರ ಮುಕ್ಕಾಲು. ಅಲಗನ್ನು ಹದ ಮಾಡಿ ಮಸೆದು ಕೊಡುತ್ತೇನೆ. ಹಿಡಿಯನ್ನು ಬೇಕಂತಲೇ ದಪ್ಪ ಬಿಡುತ್ತೇನೆ, ಎಣ್ಣೆ ಹಚ್ಚೋದಿಲ್ಲ, ಕೀಸುಳಿ ಆದರೆ ಅಲಗಿನ ಪಕ್ಕದಲ್ಲಿ ಧಾರಾಳ ಜಾಗ ಬಿಡುತ್ತೇನೆ. ಇನ್ನೊಂದು, ಬೀಟೆ ಮರದ ಆಸೆ ಬಿಟ್ಟಿದ್ದೇನೆ. 2017ರಲ್ಲಿ ಬೀಟೆಯ ಇಡೀ ಕುಲವೇ ಸೈಟ್ಸ್ ಪಟ್ಟಿಗೆ ಸೇರಿತು, ಅಂದರೆ ಅಪಾಯದಲ್ಲಿರೋ ಪ್ರಾಣಿ, ಗಿಡಮರಗಳ ದೇಶ ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕೋ ಒಪ್ಪಂದದ ಪಟ್ಟಿಗೆ. ಸಣ್ಣ ವಸ್ತುಗಳಿಗೆ ಆಮೇಲೆ ಸಡಿಲ ಮಾಡಿದ್ದಾರೆ ನಿಜ, ಆದರೆ ಒಂದು ಉಳಿಯ ಹಿಡಿಗೋಸ್ಕರ ಗಡಿಯಲ್ಲಿ ಯಾರ ಜೊತೆಗೋ ಗಿಡಮರದ ಹೆಸರು ಚರ್ಚೆ ಮಾಡೋ ಉತ್ಸಾಹ ನನಗಿಲ್ಲ.

ಚೀಟಿ ಎತ್ತೋದನ್ನು ನಿಲ್ಲಿಸಿ ಅನ್ನೋದಿಲ್ಲ, ಆದರೆ ಗುಟ್ಟನ್ನಂತೂ ಬಿಡಿ. ಯಾರಿಗೆ ಮಾಡುತ್ತಿದ್ದೇವೋ ಅವರಿಗೆ ಹೇಳಿ, ಅಂಗೈ ಕಾಗದದ ಮೇಲಿಟ್ಟು ಸುತ್ತ ಗೀಟೆಳೆದು ಕಳಿಸೋಕೆ ಕೇಳಿದರೆ ಏನು ನಷ್ಟ? ಅಚ್ಚರಿ ಹೋಗುತ್ತದೆ ಅನ್ನುತ್ತಾರೆ. ಹೋಗಲಿ ಬಿಡಿ.

ಈ ಸಲ ನಾನು ಮಾಡುತ್ತಿರೋದು ಗೀಟು ಹಾಕೋ ಚಾಕು. ಒಂದೇ ಪಕ್ಕ ಇಳಿಜಾರು ಇರೋ ಅಲಗು, ಇನ್ನೊಂದು ಪಕ್ಕ ಚಪ್ಪಟೆ, ಅದು ಮಟ್ಟಕ್ಕೆ ಒತ್ತಿಕೊಂಡು ಓಡಬೇಕು. ಇಳಿಜಾರು ಅರದಲ್ಲಿ ಹೊಡೆದಾಗಿತ್ತು. ಇನ್ನು ಅಯಸ್ಕಾಂತ ಕಚ್ಚದಷ್ಟು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಆಮೇಲೆ ಒಣಹುಲ್ಲಿನ ಬಣ್ಣ ಬರೋ ತನಕ ಮತ್ತೆ ಬಿಸಿ ಮಾಡಿ ಹದಕ್ಕೆ ತರೋದಷ್ಟೇ ಬಾಕಿ. ಮೊನ್ನೆ ಅವರ ಕೈಯ ಗೀಟು ಬಂತು, ಕೆಳಗೆ ಒಂದು ಸಾಲು: "ಅಂದ ಹಾಗೆ, ನಾನು ಎಡಚ." ಹೊಸ ಕಬ್ಬಿಣದ ತುಂಡು ತಗೊಂಡು ಇನ್ನೊಂದು ಪಕ್ಕದಿಂದ ಅರ ಹಾಕುತ್ತಾ ಕೂತಿದ್ದೇನೆ.