ಕಣ್ಣು ಬಿಟ್ಟುಕೊಂಡೇ ಕೇಳಬೇಕಾದ ಸಂಗೀತ

ಕರ್ಣಪಂಡಿತರ ಎದುರು ಡಿಜಿಟಲ್ ಎಂದು ಬಾಯಿಬಿಡಬಾರದು. ರಾಗವನ್ನು ಸೆಕೆಂಡಿಗೆ 44,100 ಚೂರು ಮಾಡಿ ಸಿಡಿಯಲ್ಲಿ ತುಂಬಿದರೆ ಅದರಲ್ಲಿ ಜೀವ ಉಳಿದೀತೆ ಎಂದು ಮುಖ ಸಿಂಡರಿಸುತ್ತಾರೆ. ವಿನೈಲ್ ತಟ್ಟೆಯ ಮೇಲೆ ಮುಳ್ಳು ಇಳಿದರೆ ಮಾತ್ರ ಗಾಯಕಿಯ ಬಿಸಿಯುಸಿರು ಅವರ ಕೆನ್ನೆಗೆ ತಾಗುವುದು. ನಡುವೆ ಬರುವ ಕರಕರ ಸದ್ದು? ಅದು ಪಕ್ಕವಾದ್ಯ.

ಇಂಥ ಕಿವಿಗಳಿಗಾಗಿಯೇ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ಮೂಲ ಮಾಸ್ಟರ್ ಟೇಪಿನ (ಸ್ಟುಡಿಯೊದಲ್ಲಿ ಸಿದ್ಧವಾದ ಮೊದಲ ಧ್ವನಿಸುರುಳಿಯ) ಹೆಸರಿನಲ್ಲಿ ದುಬಾರಿ ತಟ್ಟೆಗಳನ್ನು ಮಾರುತ್ತಿತ್ತು. ನಾದವನ್ನು ಎಲ್ಲೂ ಚೂರು ಮಾಡದ ಅಪ್ಪಟ ಆ್ಯನಲಾಗ್ ಎಂದರೆ ಇದು ಎಂದು ಪಂಡಿತರು ತಲೆದೂಗಿದರು. 2022ರಲ್ಲಿ ಗುಟ್ಟು ಹೊರಬಿತ್ತು: 2011ರಿಂದಲೇ ಕಂಪನಿ ಟೇಪನ್ನು ಡಿಜಿಟಲ್ ಫೈಲಿಗೆ ಇಳಿಸಿಕೊಂಡು, ಆ ಫೈಲಿನಿಂದ ಅನೇಕ ತಟ್ಟೆಗಳ ಗೀರು ಕೊರೆಯುತ್ತಿತ್ತು! ಇದನ್ನು ಒಪ್ಪಿಕೊಂಡವರು ಕಂಪನಿಯ ಎಂಜಿನಿಯರುಗಳೇ. ಕಿವಿಗಳು ಆ ದಿನದವರೆಗೂ ತೃಪ್ತಿಯಿಂದಲೇ ಇದ್ದವು.

ಮಾರನೆಯ ದಿನ ಪವಾಡ. ಅದೇ ತಟ್ಟೆ, ಅದೇ ಗೀರು, ಅದೇ ಮುಳ್ಳು. ಬಿಸಿಯುಸಿರು ಮಾತ್ರ ನಾಪತ್ತೆ. ಗಿರಾಕಿಗಳು ಕೋರ್ಟಿನ ಮೆಟ್ಟಿಲು ಹತ್ತಿದರು. ಮುಚ್ಚಿಟ್ಟು ಮಾರಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ವರ್ಷ ಅನುಭವಿಸಿದ ಆನಂದವನ್ನು ಯಾರೂ ವಾಪಸು ಕೊಟ್ಟ ಹಾಗಿಲ್ಲ.

ಅಷ್ಟಕ್ಕೂ ತಟ್ಟೆ ಅಷ್ಟೊಂದು ಸಾಚಾ ಏನಲ್ಲ. ತಗ್ಗಿನ ಸ್ವರವನ್ನು ಇದ್ದ ಹಾಗೇ ಕೊರೆದರೆ ಗೀರು ಪಕ್ಕದ ಗೀರಿನ ಮನೆಗೆ ನುಗ್ಗುತ್ತದೆ. ಹಾಗಾಗಿ ಕೊರೆಯುವಾಗ ಅದನ್ನು ಕುಗ್ಗಿಸಿ, ನುಡಿಸುವಾಗ ಮತ್ತೆ ಹಿಗ್ಗಿಸುತ್ತಾರೆ. ಮುಳ್ಳು ತಟ್ಟೆಯ ನಡುವಿಗೆ ಸರಿದಂತೆ ತಾರಸ್ವರಗಳು ಮಸುಕಾಗುತ್ತವೆ. ಇಷ್ಟೆಲ್ಲ ಆದಮೇಲೆ ಬಂದದ್ದಕ್ಕೆ 'ಕಲಬೆರಕೆಯಿಲ್ಲದ ನಾದ' ಎಂದು ಬಿರುದು.

ಡಿಜಿಟಲ್ ಪಾಳಯದವರೇನೂ ಕಮ್ಮಿಯಿಲ್ಲ. ಸಿಡಿ ಸಾಲದು, ಅದಕ್ಕಿಂತ ಸೂಕ್ಷ್ಮವಾಗಿ ಚೂರು ಮಾಡಿದ ಹೈ-ರೆಸಲ್ಯೂಷನ್ನೇ ಬೇಕು ಅನ್ನುವವರ ವಂಶ ಅಲ್ಲಿಯೂ ಬೆಳೆದಿದೆ. ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ 2007ರಲ್ಲಿ ಒಂದು ಪರೀಕ್ಷೆಯ ವರದಿ ಬಂತು. ಯಾವುದು ಹೈ-ರೆಸಲ್ಯೂಷನ್, ಯಾವುದು ಸಿಡಿ ಮಟ್ಟಕ್ಕೆ ಇಳಿಸಿದ್ದು ಎಂದು ಹೇಳದೆ ಕೇಳಿಸಿದರು. 554 ಸಲದಲ್ಲಿ ಸರಿಯುತ್ತರ 276. ಇಷ್ಟು ಅಂಕ ಗಳಿಸಲು ಕಿವಿ ಬೇಕಿಲ್ಲ, ಒಂದು ನಾಣ್ಯ ಸಾಕು.

ಪಂಡಿತರ ಬಳಿ ಇದಕ್ಕೂ ಸಮಾಧಾನವುಂಟು. ಪರೀಕ್ಷೆ ಎಂದರೆ ಮನಸ್ಸಿಗೆ ಒತ್ತಡ, ಒತ್ತಡದಲ್ಲಿ ಸೂಕ್ಷ್ಮಗಳು ಕಿವಿಗೆ ದಕ್ಕುವುದಿಲ್ಲವಂತೆ. ನೆಮ್ಮದಿಯಾಗಿ ಕೂತಿರಬೇಕು, ತಟ್ಟೆಯ ಕವರು ಕೈಯಲ್ಲಿರಬೇಕು, ಮೇಲಿನ ಅಕ್ಷರ ಓದುವಷ್ಟು ಬೆಳಕಿರಬೇಕು. ಆಗ ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸುತ್ತದೆ.