ಶಿಕ್ಷಕರನ್ನು ತಯಾರು ಮಾಡುವವರನ್ನು ತಯಾರು ಮಾಡುವವರು ಯಾರು?

ಅಮೆರಿಕದ ಕಾನ್ಸಸ್‌ನಲ್ಲಿ ವಿಶೇಷ ಶಿಕ್ಷಣದಲ್ಲಿ, ಅಂದರೆ ಅಂಗವಿಕಲ ಮಕ್ಕಳಿಗೆ ಕಲಿಸುವ ವಿದ್ಯೆಯಲ್ಲಿ, ಪಿಎಚ್‌ಡಿ ಮಾಡುತ್ತಿದ್ದೇನೆ ಎಂದರೆ ಊರಿನವರು ಮೊದಲು ಕೇಳುವುದು, "ಥೀಸಿಸ್ ಎಲ್ಲಿಗೆ ಬಂತು?" ಇಲ್ಲಿನ ನನ್ನ ಗೈಡ್ ಮೊದಲ ವರ್ಷವಿಡೀ ಆ ಮಾತೇ ಎತ್ತಲಿಲ್ಲ. "ಈ ವಾರ ಯಾರ ಕ್ಲಾಸು ನೋಡಿದೆ?" ಎಂದಷ್ಟೇ ಕೇಳುತ್ತಿದ್ದರು.

ನಾಳೆ ಶಿಕ್ಷಕರನ್ನು ತಯಾರು ಮಾಡಬೇಕಾದವರು ಈ ಪಿಎಚ್‌ಡಿಯವರೇ. ಅದಕ್ಕೇ ಇಲ್ಲಿ ಅವರು ಪ್ರೊಫೆಸರ್ ಜೊತೆ ಸೇರಿ ಪಾಠ ಮಾಡಬೇಕು, ಶಾಲೆಗೆ ಹೋಗಿ ತರಬೇತಿಯಲ್ಲಿರುವ ಶಿಕ್ಷಕರನ್ನು ಗಮನಿಸಬೇಕು. ಓದಲು ತಡವರಿಸುವ ನಾಲ್ಕು ಮಕ್ಕಳಿಗೆ ಒಬ್ಬಳು ಪಾಠ ಮಾಡುತ್ತಿರುತ್ತಾಳೆ. ಹಿಂದೆ ಕೂತವರು ಅವಳು ಎಷ್ಟು ಪ್ರಶ್ನೆ ಕೇಳಿದಳು, ಯಾವ ಮಗುವಿಗೆ ಎಷ್ಟು ಸಲ ಬಾಯಿ ಬಿಡಲು ಅವಕಾಶ ಸಿಕ್ಕಿತು ಎಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗುತ್ತಾರೆ. ಪಾಠ ಮುಗಿದ ಮೇಲೆ ಆ ಹಾಳೆ ಇಟ್ಟುಕೊಂಡೇ ಮಾತುಕತೆ. ಆ ಮಾತುಕತೆಯ ವಿಡಿಯೊವನ್ನು ಗೈಡ್ ನೋಡುತ್ತಾರೆ. ನನ್ನ ಜೊತೆಯವಳೊಬ್ಬಳಿಗೆ ಅವರು ಹೇಳಿದ್ದು ಇಷ್ಟೆ: "ಕಿಟಕಿ ಪಕ್ಕದ ಹುಡುಗನ ಮುಂದೆ ಒಂದೂ ಗೀಟಿಲ್ಲ. ಅದನ್ನು ನೀನೇ ಹೇಳಿಬಿಟ್ಟೆ. ಆ ಶಿಕ್ಷಕಿಯೇ ಕಂಡುಕೊಳ್ಳುವ ಹಾಗೆ ಹೇಗೆ ಕೇಳಬಹುದಿತ್ತು?" ಶಿಕ್ಷಕಿಯನ್ನು ನೋಡುವವಳನ್ನೂ ನೋಡಲು ಒಬ್ಬರಿದ್ದಾರೆ.

ನಾನು ಬಿ.ಎಡ್. ಮಾಡಿದ ಕಾಲೇಜಿನ ಅಬ್ಸರ್ವೇಶನ್ ಪುಸ್ತಕ ನೆನಪಾಗುತ್ತದೆ. "ಧ್ವನಿಯಲ್ಲಿ ಏರಿಳಿತ ಬೇಕು", "ಕಪ್ಪುಹಲಗೆಯ ಬಳಕೆ ಉತ್ತಮ", ಕೆಳಗೊಂದು ಸಹಿ. ಕೆಲವು ಸಲ ಪಾಠ ಶುರುವಾಗುವ ಮೊದಲೇ ಸಹಿ! ಬರೆದವರು ಕೆಟ್ಟವರಲ್ಲ. ಪಾಠ ನೋಡುವುದೂ ಕಲಿಯಬೇಕಾದ ವಿದ್ಯೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಅಮೆರಿಕದಲ್ಲಿ ಪಾಠ ನೋಡುವವರನ್ನೂ ತಯಾರು ಮಾಡುವ ಈ ಪದ್ಧತಿ ತಾನಾಗಿ ಬಂದದ್ದಲ್ಲ. ಬುದ್ಧಿಮಾಂದ್ಯ ಮಕ್ಕಳ ಶಿಕ್ಷಕರಿಗೆ ತರಬೇತಿ ಕೊಡುವವರನ್ನು ಬೆಳೆಸಲು ವಿಶ್ವವಿದ್ಯಾಲಯಗಳಿಗೆ ಹಣ ಕೊಡುವ ಕಾನೂನು ಇಲ್ಲಿ 1958ರಲ್ಲೇ ಬಂತು. ಅಂಗವಿಕಲ ಮಕ್ಕಳೆಲ್ಲರಿಗೂ ಶಿಕ್ಷಣದ ಹಕ್ಕು ಕೊಟ್ಟ ಕಾನೂನು ಬಂದದ್ದು 1975ರಲ್ಲಿ. ಈಗಲೂ ಇಲ್ಲಿನ ಕೇಂದ್ರ ಸರ್ಕಾರದ ಹಣದಿಂದ ಹಲವು ಪಿಎಚ್‌ಡಿ ವಿದ್ಯಾರ್ಥಿಗಳ ಶುಲ್ಕ, ಭತ್ಯೆ ಸಾಗುತ್ತದೆ. ಒಂದು ವರ್ಷ ಹಣ ಪಡೆದರೆ ಎರಡು ವರ್ಷ ಇದೇ ಕ್ಷೇತ್ರದಲ್ಲಿ ದುಡಿಯಬೇಕು, ಇಲ್ಲವಾದರೆ ವಾಪಸು ಕಟ್ಟಬೇಕು. (ನನ್ನಂಥ ವಿದೇಶಿ ವಿದ್ಯಾರ್ಥಿಗೆ ಆ ಹಣ ಸಿಗದು, ಪೌರರಿಗೂ ಕಾಯಂ ನಿವಾಸಿಗಳಿಗೂ ಮಾತ್ರ.) ಅದೂ ಎಷ್ಟು ದಿನವೋ. 2025ರಲ್ಲಿ ಇಲ್ಲಿನ ಶಿಕ್ಷಣ ಇಲಾಖೆಯ ಸಿಬ್ಬಂದಿಯನ್ನು ಅರ್ಧದಷ್ಟು ಇಳಿಸಲು ಹೊರಟದ್ದನ್ನು ನೋಡಿದ ಮೇಲೆ ಇಲ್ಲಿ ಯಾರೂ ನಿಶ್ಚಿಂತೆಯಿಂದಿಲ್ಲ.

ಹಾಗಂತ ನಮ್ಮಲ್ಲಿ ಏನೂ ಇಲ್ಲ ಎನ್ನುವವರ ಜೊತೆ ನಾನಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋಗಿ ನೋಡಿ. ಕಿವಿ ಪರೀಕ್ಷೆ, ಮಾತಿನ ಚಿಕಿತ್ಸೆ, ಪುಟ್ಟ ಮಕ್ಕಳ ಪ್ರಿಸ್ಕೂಲು, ವಿಶೇಷ ಬಿ.ಎಡ್. ತರಗತಿ, ಎಲ್ಲ ಒಂದೇ ಆವರಣದಲ್ಲಿ. ಮಕ್ಕಳ ಜೊತೆ ತಾಯಂದಿರೂ ಕೂತು ಕಲಿಯುತ್ತಾರೆ. ಸಂಶೋಧಕನಿಗೆ ಇದಕ್ಕಿಂತ ಒಳ್ಳೆಯ ಜಾಗ ಅಮೆರಿಕದಲ್ಲಿ ಹುಡುಕಿದರೂ ಸುಲಭಕ್ಕೆ ಸಿಗದು.

ಕೊರತೆ ಇರುವುದು ಬೇರೆ ಕಡೆ. ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಪ್ರಾಥಮಿಕದಲ್ಲಿ ಹತ್ತು ವಿಶೇಷ ಮಕ್ಕಳಿಗೊಬ್ಬ, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೊಬ್ಬ ಶಿಕ್ಷಕ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಹುದ್ದೆ, ನೇಮಕಾತಿ ಎಂದು ಚರ್ಚೆ ನಡೆಯುತ್ತದೆ. ಆ ಶಿಕ್ಷಕರನ್ನು ತಯಾರು ಮಾಡುವವರ ಬಗ್ಗೆ ಮಾತೇ ಇಲ್ಲ. ನಮ್ಮಲ್ಲಿ ಪಿಎಚ್‌ಡಿ ಎಂದರೆ ಇಂದಿಗೂ ಐದು ಅಧ್ಯಾಯ, ಒಂದು ಪ್ರಶ್ನಾವಳಿ, ಕೊನೆಗೊಂದು ಮೌಖಿಕ ಪರೀಕ್ಷೆ.

ದಾರಿ ಮಾತ್ರ ಆಗಲೇ ತೆರೆದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮದಲ್ಲಿ ಸಂಶೋಧಕರಿಗೆ ಬೋಧನೆಯ ತರಬೇತಿ ಕಡ್ಡಾಯ, ಜೊತೆಗೆ ವಾರಕ್ಕೆ 4ರಿಂದ 6 ಗಂಟೆ ಬೋಧನಾ ಸಹಾಯದ ಕೆಲಸವನ್ನೂ ಕೊಡಬಹುದು. ಆ ಗಂಟೆಗಳಲ್ಲಿ ಸೆಮಿನಾರಿಗೆ ಕುರ್ಚಿ ಜೋಡಿಸುವ ಬದಲು ಬಿ.ಎಡ್. ವಿದ್ಯಾರ್ಥಿಯ ಪ್ರಾಕ್ಟೀಸ್ ಪಾಠಕ್ಕೆ ಕಳಿಸಿ. ತಿಂಗಳಿಗೊಮ್ಮೆ ಗೈಡೂ ಜೊತೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಲಿ. ಬಸ್ ಚಾರ್ಜು ಯಾರು ಕೊಡುತ್ತಾರೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದನ್ನು ವಿಭಾಗದ ಬಜೆಟ್ಟಿನಲ್ಲೇ ಬರೆದುಕೊಳ್ಳಲಿ.