ಮಹರ್ ಪೂರ್ತಿ ನಿಕಾಹ್ ದಿನವೇ ಕೈಸೇರಬೇಕೇ?

ಪರ: ಬರೆದಿಡುವ ಮಹರ್ ಬರೆದಲ್ಲೇ ಉಳಿಯುತ್ತದೆ

ಮಹರ್ ಅಂದರೆ ಮುಸ್ಲಿಂ ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಲೇಬೇಕಾದ ಹಣ, ಒಡವೆ ಇತ್ಯಾದಿ. ಕಲಬುರಗಿ, ಬೀದರ್ ಕಡೆಯ ಹಳೆಯ ನಿಕಾಹ್‌ನಾಮಾಗಳಲ್ಲಿ ಮಹರ್ ಮೊತ್ತದ ಪಕ್ಕ ‘ಸಿಕ್ಕಾ-ಎ-ರಾಯಿಜುಲ್ ವಕ್ತ್’ ಎಂದು ಬರೆದಿರುತ್ತದೆ. ಸದ್ಯ ಚಾಲ್ತಿಯಲ್ಲಿರುವ ನಾಣ್ಯ ಎಂದು ಅರ್ಥ. ಇವತ್ತಿನ ನಾಣ್ಯವನ್ನು ನಲವತ್ತು ವರ್ಷ ಬಿಟ್ಟು ಎಣಿಸಿಕೊಟ್ಟರೆ ಏನಾಗುತ್ತದೆ? ತಲಾಖಿನ ನಂತರ ಜೀವನಾಂಶ ಕೇಳಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಶಾ ಬಾನು ಅವರ ಮದುವೆ ಆದದ್ದು 1932ರಲ್ಲಿ, ತಲಾಖ್ 1978ರಲ್ಲಿ. ಮಹರ್ ಬಾಬ್ತು ಗಂಡ ಕೋರ್ಟಿಗೆ ಕಟ್ಟಿದ್ದು 3,000 ರೂಪಾಯಿ. ಮುಸ್ಲಿಂ ಮದುವೆ ಒಂದು ಕರಾರು, ಅದು ಮುರಿದರೂ ಕೆಲವು ಹೊಣೆಗಳು ಉಳಿಯುತ್ತವೆ ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದ ಬೆಂಗಳೂರಿನ ಪ್ರಕರಣದಲ್ಲಿ ಮಹರ್ ಇದ್ದದ್ದು 5,000. ಎರಡೂ ಕಡೆ ಹೆಂಗಸಿನ ಬದುಕಿನ ಲೆಕ್ಕಕ್ಕೆ ಮಹರ್ ಬರಲೇ ಇಲ್ಲ. ಜೀವನಾಂಶಕ್ಕಾಗಿ ವರ್ಷಗಟ್ಟಲೆ ಕೋರ್ಟು ಸುತ್ತಬೇಕಾಯಿತು.

ಹೆಂಗಸರಿಗೆ ಅವರ ಮಹರನ್ನು ಸಂತೋಷದಿಂದ ಕೊಟ್ಟುಬಿಡಿ ಎನ್ನುತ್ತದೆ ಕುರ್‌ಆನಿನ ಅನ್ನಿಸಾ ಅಧ್ಯಾಯದ 4ನೇ ವಚನ. ಕೊಡಬೇಕಾದದ್ದು ಅವಳಿಗೆ, ಅವಳ ಅಪ್ಪನಿಗಲ್ಲ, ಅಣ್ಣನಿಗಲ್ಲ. ಏನೂ ಇಲ್ಲದವನಿಗೆ ಪ್ರವಾದಿಯವರು ‘ಕಬ್ಬಿಣದ ಉಂಗುರವಾದರೂ ಇದೆಯೇ ನೋಡು’ ಎಂದರಂತೆ. ಅದೂ ಸಿಗದಿದ್ದಾಗ ಅವನಿಗೆ ಬರುತ್ತಿದ್ದ ಕುರ್‌ಆನಿನ ಅಧ್ಯಾಯಗಳೇ ಮಹರ್ ಆದವು. ಇದ್ದುದನ್ನು ಈಗಲೇ ಕೊಡು ಎಂಬುದು ಅಲ್ಲಿನ ನಡೆ.

ಈಗಲೇ ಕೊಡುವುದು ‘ಮುಅಜ್ಜಲ್’, ಆಮೇಲೆ ಕೊಡುವುದು ‘ಮುವಜ್ಜಲ್’. ಉರ್ದುವಿನಲ್ಲಿ ಒಂದು ಅಕ್ಷರದ ವ್ಯತ್ಯಾಸ, ಆಡುವಾಗ ಎರಡೂ ಒಂದೇ. ರಿಜಿಸ್ಟರಿನಲ್ಲಿ ಯಾವುದೋ ಒಂದನ್ನು ಗೀಚಿ ಸಹಿ ಹಾಕಿಸಿದರೆ, ಇಪ್ಪತ್ತು ವರ್ಷದ ಮೇಲೆ ಅದು ಯಾವುದು ಎಂದು ವಕೀಲರು ವಾದ ಮಾಡುತ್ತ ಕೂರುತ್ತಾರೆ. ಏನನ್ನೂ ಬರೆಯದೆ ಬಿಟ್ಟರೂ ಸುಖವಿಲ್ಲ. ಪಾಕಿಸ್ತಾನದ 1961ರ ಕುಟುಂಬ ಕಾನೂನಿನಂತೆ, ಪಾವತಿಯ ಕ್ರಮ ಬರೆಯದಿದ್ದರೆ ಪೂರ್ತಿ ಮಹರ್ ಕೇಳಿದಾಗ ಕೊಡತಕ್ಕದ್ದು. ಭಾರತದಲ್ಲಿ ಶಿಯಾಗಳಿಗೆ ಹೆಚ್ಚುಕಡಿಮೆ ಅದೇ ನಿಯಮ. ಹನಫಿ ಪಂಥದ ಸುನ್ನಿಗಳ ವಿಚಾರದಲ್ಲಿ ಮಾತ್ರ ಊರಿನ ರೂಢಿ, ಮನೆತನದ ಅಂತಸ್ತು ನೋಡಿ ಎಷ್ಟು ಈಗ, ಎಷ್ಟು ಆಮೇಲೆ ಎಂದು ನ್ಯಾಯಾಲಯವೇ ಪಾಲು ಮಾಡುತ್ತದೆ.

ತಡವಾದ ಮಹರಿನ ಕೊನೆಯ ದೃಶ್ಯವಂತೂ ಎಲ್ಲರಿಗೂ ಗೊತ್ತು. ಗಂಡನ ಜನಾಝಾ, ಅಂದರೆ ಶವ, ಅಂಗಳದಲ್ಲಿದೆ, ಯಾರೋ ಹಿರಿಯರು ಒಳಗೆ ಬಂದು ‘ಮಹರ್ ಮಾಫ್ ಮಾಡಿಬಿಡಮ್ಮ’ ಎನ್ನುತ್ತಾರೆ. ಆ ಹೊತ್ತಿನಲ್ಲಿ ಇಲ್ಲ ಎನ್ನುವವರು ಯಾರು?

ಹಾಗಾದರೆ ಕೊಡುವುದು ಹೇಗೆ? ಕರಾವಳಿಯ ಬ್ಯಾರಿಗಳಲ್ಲಿ ಮಹರನ್ನು ಪವನಿನ ಲೆಕ್ಕದಲ್ಲಿ, ಬಂಗಾರವಾಗಿಯೇ ಕೊಡುವ ರೂಢಿ ಇದೆ. ಪವನ್ ಅಂದರೆ 8 ಗ್ರಾಂ. ಆದರೆ ಬಂಗಾರ ಕೊಟ್ಟ ಮಾತ್ರಕ್ಕೆ ಆಗಲಿಲ್ಲ. ಹಾಲ್‌ಮಾರ್ಕ್ ಇರುವ ಒಡವೆಯ ಬಿಲ್ಲು ಹುಡುಗಿಯ ಹೆಸರಲ್ಲಿರಬೇಕು. ತೂಕ, ಕ್ಯಾರಟ್, ಬಿಲ್ಲಿನ ನಂಬರು ಮೂರೂ ನಿಕಾಹ್ ರಿಜಿಸ್ಟರಿಗೆ ಏರಬೇಕು. ಮುಟ್ಟಿತು ಎಂದು ಹುಡುಗಿಯೇ ಸಹಿ ಹಾಕಬೇಕು, ಪ್ರತಿಯೊಂದು ಅವಳ ಬಳಿ ಇರಬೇಕು. ಸಾಮಾನ್ಯವಾಗಿ ಎಡವುವುದು ಇಲ್ಲೇ: ಗಂಡಿನ ಮನೆಯವರು ಉಡುಗೊರೆಯಾಗಿ ಹಾಕಿದ ಸರ ಯಾವುದು, ಮಹರಿನ ಸರ ಯಾವುದು ಎಂದು ಎಲ್ಲೂ ಬರೆದಿರುವುದಿಲ್ಲ. ಅತ್ತೆ ಭದ್ರವಾಗಿಡುತ್ತೇನೆಂದು ಬೀರುವಿಗೆ ಸೇರಿಸುತ್ತಾರೆ. ಜಗಳವಾದ ದಿನ ‘ಅದು ಬರೀ ಹಾಕ್ಕೊಳ್ಳೋಕೆ ಕೊಟ್ಟಿದ್ದು’ ಎಂಬ ಮಾತು ಬರುತ್ತದೆ. ನಗದಾದರೆ ಅವಳೊಬ್ಬಳ ಹೆಸರಿನ ಖಾತೆಗೆ ಹಾಕಿ; ಜಂಟಿ ಖಾತೆ ಬೇಡ.

ವಿರೋಧ: ಪೂರ್ತಿ ಈಗಲೇ ಅಂದರೆ ಮಹರೇ ಕುಗ್ಗುತ್ತದೆ

ಮಹರ್ ಕೈಗೆ ಸಿಗಬೇಕು ಎನ್ನುವುದರಲ್ಲಿ ತಕರಾರಿಲ್ಲ. ಪೂರ್ತಿ ಅದೇ ದಿನ ಎಂಬ ಹಟದಿಂದ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಐದು ಪವನ್ ಅಂದರೆ 40 ಗ್ರಾಂ. ಲೆಕ್ಕಕ್ಕೆ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಂಡರೂ ನಾಲ್ಕು ಲಕ್ಷ. ತಿಂಗಳಿಗೆ 20,000 ದುಡಿಯುವ ಡ್ರೈವರ್ ಇಪ್ಪತ್ತು ತಿಂಗಳ ಸಂಬಳವನ್ನು ಒಂದೇ ದಿನ ಎಲ್ಲಿಂದ ತರುತ್ತಾನೆ? ಎರಡೇ ದಾರಿ. ಒಂದು, ಹುಡುಗಿಯ ಅಪ್ಪನಿಂದ ವರದಕ್ಷಿಣೆ ತೆಗೆದುಕೊಂಡು ಅದರಲ್ಲೇ ಮಹರ್ ಕೊಡುವುದು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮಹರನ್ನು ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ, ಸರಿ. ಆದರೆ ಈ ಬಲಗೈ-ಎಡಗೈ ಆಟಕ್ಕೆ ಅದು ಮರೆಯಾಗಬಾರದು. ಇನ್ನೊಂದು ದಾರಿ, ‘ನಮಗೆ ಸರಳ ಮದುವೆ ಸಾಕು’ ಎಂದು ‘ಬಿಸ್ಮಿಲ್ಲಾ’ದ ಸಂಕೇತ ಸಂಖ್ಯೆಯಾದ 786 ರೂಪಾಯಿ ಬರೆಸುವುದು.

ಈ 786ರ ಬಗ್ಗೆ ಎರಡು ಮಾತು ಹೇಳಲೇಬೇಕು. ಹನಫಿ ಫಿಕ್ಹ್‌ನಲ್ಲಿ (ಧರ್ಮಶಾಸ್ತ್ರದಲ್ಲಿ) ಮಹರಿನ ಕನಿಷ್ಠ 10 ದಿರ್ಹಮ್, ಸುಮಾರು 30.6 ಗ್ರಾಂ ಬೆಳ್ಳಿ. ಬೆಳ್ಳಿ ಗ್ರಾಮಿಗೆ 100 ರೂಪಾಯಿ ಎಂದಿಟ್ಟರೆ ಅದೇ 3,060 ಆಯಿತು. ಅದಕ್ಕಿಂತ ಕಡಿಮೆ ಹೆಸರಿಸಿದರೂ ಗಂಡನ ಮೇಲೆ ಬೀಳುವುದು 10 ದಿರ್ಹಮ್. ಶಾಫಿ ಪಂಥದವರಲ್ಲಿ, ಅಂದರೆ ಬ್ಯಾರಿಗಳು, ಭಟ್ಕಳದ ನವಾಯತರಲ್ಲಿ, ಕನಿಷ್ಠದ ಮಿತಿ ಇಲ್ಲ. ಪ್ರವಾದಿಯವರ ಮಗಳು ಫಾತಿಮಾ ಅವರ ಹೆಸರಿನಲ್ಲಿ ಮಹರ್-ಎ-ಫಾತಿಮಿ ಎಂದು ನಮ್ಮಲ್ಲಿ ಬರೆಸುವುದು 500 ದಿರ್ಹಮ್, ಅಂದರೆ 1,530.9 ಗ್ರಾಂ ಬೆಳ್ಳಿ. ಸರಳತೆಯ ಹೆಸರು ಹೇಳುವವರು ಮೊದಲು ಈ ತೂಕ ನೋಡಲಿ.

ಇನ್ನೊಂದು ಇಕ್ಕಟ್ಟು ಮದುವೆ ಮುರಿಯುವಾಗ. ಕೂಡಿ ಬಾಳುವ ಮೊದಲೇ ತಲಾಖ್ ಆದರೆ ಹೆಣ್ಣಿಗೆ ಸಲ್ಲುವುದು ನಿಗದಿಯಾದ ಮಹರಿನ ಅರ್ಧ. ಅಲ್-ಬಕರಾ ಅಧ್ಯಾಯದ 237ನೇ ವಚನ ಸ್ಪಷ್ಟವಾಗಿದೆ. ಪೂರ್ತಿ ಪಡೆದಿದ್ದರೆ ಅರ್ಧ ಹಿಂತಿರುಗಿಸಬೇಕು. ಹೆಣ್ಣೇ ಖುಲಾ, ಅಂದರೆ ತಾನಾಗಿ ಬಿಡುಗಡೆ, ಕೇಳಿದರೆ ಸಾಮಾನ್ಯವಾಗಿ ಮಹರ್ ಬಿಟ್ಟುಕೊಡುವ ಮಾತಿನ ಮೇಲೆ ಅದು ನಡೆಯುತ್ತದೆ. ಬಾಕಿ ಇರುವ ಮಹರನ್ನು ಬಿಡಲು ಒಂದು ಸಹಿ ಸಾಕು. ಮಗುವಿನ ಆಸ್ಪತ್ರೆಗೆಂದು ಮಾರಿದ ಬಂಗಾರವನ್ನು ಎಲ್ಲಿಂದ ತರುವುದು? ಖುಲಾ ಅಲ್ಲೇ ಕಚ್ಚಿಕೊಳ್ಳುತ್ತದೆ.

ಹಾಗೆಂದು ಎಲ್ಲವನ್ನೂ ಮುಂದಕ್ಕೆ ತಳ್ಳುವುದು ಕೂಡದು. ಮುಅಜ್ಜಲ್ ಭಾಗ ಬಾಕಿ ಇರುವವರೆಗೆ ಹೆಂಡತಿ ಗಂಡನ ಮನೆಗೆ ಹೋಗಲು ಒಪ್ಪದಿರಬಹುದು, ಅದರಿಂದ ಅವಳ ನಫಖಾ, ಅಂದರೆ ಊಟ-ಬಟ್ಟೆ-ವಸತಿಯ ಹಕ್ಕು ಹೋಗುವುದಿಲ್ಲ. 1886ರಲ್ಲಿ ಅಲಹಾಬಾದಿನ ನ್ಯಾಯಮೂರ್ತಿ ಮಹಮೂದ್ ಅಬ್ದುಲ್ ಕಾದಿರ್-ಸಲೀಮಾ ಪ್ರಕರಣದಲ್ಲಿ ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕೂಡಿ ಬಾಳಿದ ಮೇಲೂ ಈ ಹಕ್ಕು ಉಳಿಯುತ್ತದೆ ಎನ್ನುತ್ತಾರೆ ಹನಫಿ ಪಂಥದ ಮೂಲಪುರುಷ ಅಬೂ ಹನೀಫಾ. ಅವರ ಇಬ್ಬರು ಶಿಷ್ಯರೇ ಒಪ್ಪುವುದಿಲ್ಲ. ಪೂರ್ತಿ ಮುವಜ್ಜಲ್ ಎಂದು ಬರೆಸಿದರೆ ಈ ಅಸ್ತ್ರವೇ ಕೈತಪ್ಪುತ್ತದೆ. ಅದಕ್ಕೇ ಮೂರನೇ ಒಂದರಿಂದ ಅರ್ಧದವರೆಗೆ ಅದೇ ದಿನ, ಉಳಿದದ್ದು ಆಮೇಲೆ.

ಪರ ಬರೆದವರು ರೂಪಾಯಿ ಸವೆಯುವ ಮಾತು ಎತ್ತಿದ್ದಾರೆ. ಅದು ರೂಪಾಯಿಯ ದೋಷ, ಗಡುವಿನದ್ದಲ್ಲ. ಬಾಕಿಯನ್ನೂ ಗ್ರಾಮಿನಲ್ಲೇ ಬರೆಸಿ: ‘22 ಕ್ಯಾರಟ್ ಬಂಗಾರ 24 ಗ್ರಾಂ, ಅಥವಾ ಕೊಡುವ ದಿನದ ಬೆಲೆ’. ‘ತಲಾಖ್ ಅಥವಾ ಮರಣ’ ಎಂಬ ಹಳೆಯ ಗಡುವಿನ ಬದಲು ದಿನಾಂಕ ಹಾಕಿ. ಮೂರು ವರ್ಷ, ವರ್ಷಕ್ಕೆ 8 ಗ್ರಾಂ. ಹುಡುಗನ ಅಪ್ಪ ಜಾಮೀನು ನಿಂತರೆ ಅದನ್ನೂ ರಿಜಿಸ್ಟರಿಗೆ ಸೇರಿಸಿ. ಮುಅಜ್ಜಲ್, ಮುವಜ್ಜಲ್ ಪದಗಳ ಪಕ್ಕ ಕನ್ನಡದಲ್ಲಿ ‘ಇಂದು’, ‘ಬಾಕಿ’ ಎಂದು ಬರೆದರೆ ಅಕ್ಷರದ ಗೊಂದಲ ಮುಗಿಯಿತು. ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕುಗಳ 1986ರ ಕಾಯ್ದೆಯಂತೆ ವಿಚ್ಛೇದಿತೆ ಬಾಕಿ ಮಹರನ್ನು ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದು. ತಲಾಖ್ ಅಥವಾ ಮರಣದ ಮೇಲೆ ಕೊಡಬೇಕಾದ ಬಾಕಿಗೆ ಸಿವಿಲ್ ದಾವೆ ಹೂಡುವುದಾದರೆ ತಲಾಖ್ ಅಥವಾ ಮರಣದಿಂದ ಮದುವೆ ಕೊನೆಗೊಂಡ ದಿನದಿಂದ ಮೂರು ವರ್ಷದೊಳಗೆ ಹೂಡಬೇಕು. ಸಂಧಾನ ಎಂದು ಕಾಯುತ್ತ ಈ ಗಡುವು ಕಳೆದುಕೊಂಡವರಿದ್ದಾರೆ.

ಜನಾಝಾದ ಹೊತ್ತಿನ ‘ಮಾಫ್’ ವಿಚಾರ: ಗಂಡ ಸತ್ತ ಸಂಕಟದಲ್ಲಿ ಆಡಿದ ಮಾತು ವಿಧವೆಯನ್ನು ಕಟ್ಟಿಹಾಕುವುದಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ ಬ್ರಿಟಿಷರ ಕಾಲದಲ್ಲೇ ಹೇಳಿದೆ. ಬಾಕಿ ಮಹರ್ ಗಂಡನ ಆಸ್ತಿಯ ಮೇಲಿನ ಸಾಲ. ವಸಿಯತ್ತಿಗೂ (ಉಯಿಲಿಗೂ) ವಾರಸುದಾರರ ಪಾಲಿಗೂ ಮುಂಚೆ ಅದು ತೀರಬೇಕು. ದಫನದ ಖರ್ಚು ಕಳೆದು 12 ಲಕ್ಷದ ಆಸ್ತಿ, ಮಹರ್ ಬಾಕಿ 2 ಲಕ್ಷ, ಬೇರೆ ಸಾಲ-ವಸಿಯತ್ತು ಇಲ್ಲ, ಮಕ್ಕಳಿದ್ದಾರೆ ಎನ್ನೋಣ. ಮೊದಲು 2 ಲಕ್ಷ ಅವಳಿಗೆ. ಉಳಿದ 10 ಲಕ್ಷದಲ್ಲಿ ಎಂಟನೇ ಒಂದು, ಅಂದರೆ 1.25 ಲಕ್ಷ. ಒಟ್ಟು 3.25. ಮನೆ ಅಥವಾ ಜಮೀನು ನ್ಯಾಯವಾಗಿ ಅವಳ ಸ್ವಾಧೀನದಲ್ಲಿದ್ದರೆ ಮಹರ್ ತೀರುವವರೆಗೆ ಬಿಟ್ಟುಕೊಡಬೇಕಿಲ್ಲ. ಮಾರುವ ಅಧಿಕಾರ ಮಾತ್ರ ಇಲ್ಲ. ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಮೈನಾ ಬೀಬಿ ಪ್ರಕರಣದಲ್ಲಿ ಅಷ್ಟಕ್ಕೇ ಗೆರೆ ಎಳೆಯಿತು. ಹಾಗಾಗಿ ಅಂಗಳದಲ್ಲಿ ಯಾರಾದರೂ ಹಿರಿಯರು ಮಾಫ್ ಕೇಳಲು ಬಂದರೆ, ಇದ್ದತ್ತಿನ, ಅಂದರೆ ವಿಧವೆ ಕಾಯಬೇಕಾದ, ನಾಲ್ಕು ತಿಂಗಳು ಹತ್ತು ದಿನ ಕಳೆಯಲಿ, ಆಮೇಲೆ ನಿಕಾಹ್‌ನಾಮಾ ತೆಗೆದು ಕೂತು ಮಾತಾಡೋಣ ಎಂದರೆ ಸಾಕು.